ಬೋರ್ಡಣ್ಣನ ದನಿ

ನಮ್ಮ ಅಂಗಡಿ ಒಂದೇ, ಬಾಗಿಲ ಮೇಲೆ ಹೆಸರು ಮಾತ್ರ ಎರಡು. ಒಂದು ಕಡೆ 'ಬಟ್ಟೆ ರಿಪೇರಿ, ಜಿಪ್ ಹಾಕಿಕೊಡಲಾಗುವುದು' ಎಂದಿದೆ, ಅದು ನನ್ನದು. ಇನ್ನೊಂದು ಕಡೆ 'ಮದರ್‌ಬೋರ್ಡ್ ರಿಪೇರಿ' ಎಂದಷ್ಟೇ ಇದೆ, ಅದು ಬೋರ್ಡಣ್ಣನದು. ಮಹಡಿಯ ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ. ಬೀದಿಯ ಬೆಳಕು ಬೀಳುವ ಮುಂದಿನ ಅರ್ಧ ನನಗೆ, ಹಿಂದಿನ ಕತ್ತಲ ಅರ್ಧ ಅವನಿಗೆ. ಹೇಗಿದ್ದರೂ ಇವನು ಹಗಲಿಡೀ ಲ್ಯಾಂಪಿನ ಕೆಳಗೆ ತಲೆ ತಗ್ಗಿಸಿ ಕೂರುವವನು, ಇವನಿಗೇಕೆ ಸೂರ್ಯ ಎಂದು ನಾನೇ ಹಾಗೆ ಹಂಚಿದ್ದೆ. ನಡುವೆ ಗೋಡೆಯಿಲ್ಲ. ತಂತಿಗೆ ನೇತುಹಾಕಿದ ಗಿರಾಕಿಗಳ ಪ್ಯಾಂಟುಗಳೇ ಗೋಡೆ.

ವಯಸ್ಸಿನಲ್ಲಿ ಅವನು ನನಗಿಂತ ಚಿಕ್ಕವನು. ನನ್ನನ್ನು ಅಕ್ಕ ಎನ್ನುತ್ತಾನೆ. ನಾನೂ ಅವನನ್ನು ಬೋರ್ಡಣ್ಣ ಎಂದೇ ಕರೆಯುತ್ತೇನೆ. ಬೀದಿಗೆ ಬೀದಿಯೇ ಹಾಗೆ ಕರೆಯುವಾಗ ನಾನೊಬ್ಬಳು ಬೇರೆ ಹೆಸರು ಎಲ್ಲಿಂದ ಹುಡುಕಿ ತರಲಿ?

ಆಗೆಲ್ಲ ಅವನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಗಿರಾಕಿ ಇದ್ದರೆ ಗಿರಾಕಿಯ ಜೊತೆ, ಇಲ್ಲದಿದ್ದರೆ ನನ್ನ ಜೊತೆ, ನಾನು ಬಾಯಿ ಮುಚ್ಚು ಎಂದು ರೇಗಿದರೆ ಬೋರ್ಡಿನ ಜೊತೆಗೇ ಮಾತು. ಸತ್ತ ಬೋರ್ಡೊಂದನ್ನು ಮೇಜಿನ ಮೇಲೆ ಮಲಗಿಸಿ, "ಏನಪ್ಪಾ, ಎಲ್ಲಿ ನೋವು? ನಿನ್ನೆ ಏನು ತಿಂದೆ?" ಎಂದು ಶುರುಮಾಡುವನು. ಮೀಟರಿನ ಎರಡು ಮುಳ್ಳುಗಳನ್ನು ಅಲ್ಲಿ ಇಲ್ಲಿ ಒತ್ತುತ್ತ, ಅದು ಕೀಂ ಎಂದಾಗಲೆಲ್ಲ "ಹಾಂ, ಇಲ್ಲೇ, ಗೊತ್ತಾಯ್ತು ಬಿಡು" ಎನ್ನುವನು. ಬಾಗಿಲಲ್ಲಿ ನಿಂತ ಹೊಸ ಗಿರಾಕಿಗಳು ಒಳಗೆ ಯಾರೋ ರೋಗಿ ಇದ್ದಾರೆಂದು ಹಿಂದೆ ಸರಿದದ್ದೂ ಉಂಟು.

ದಪ್ಪನೆಯ, ಸ್ವಲ್ಪ ಮೂಗಿನಲ್ಲಿ ಬರುವ ದನಿ ಅವನದು. ಅದೇ ದನಿ ಅವನ ತಮ್ಮನಿಗೂ ಇತ್ತು. ಹೋಲುತ್ತಿತ್ತು ಅಂತಲ್ಲ, ಅದೇ ದನಿ. ತಮ್ಮ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಬೆಳಗಿನಿಂದ ಸಂಜೆಯವರೆಗೆ ಎಡಗಡೆ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು "ಕ್ಲಚ್, ಕ್ಲಚ್, ಅಯ್ಯೋ ಕ್ಲಚ್!" ಎಂದು ಕೂಗಿ ಕೂಗಿ ಅವನ ಹೆಸರೇ ಕ್ಲಚ್ ಮಾಸ್ತರ ಎಂದಾಯಿತು. ಫೋನಿನಲ್ಲಂತೂ ಅಣ್ಣ ಯಾರು ತಮ್ಮ ಯಾರು ಎಂದು ಹೆತ್ತವರಿಗೂ ತಿಳಿಯುತ್ತಿರಲಿಲ್ಲವಂತೆ. ಒಮ್ಮೆ ಮಾಸ್ತರನ ಹೆಂಡತಿ ಗಂಡನಿಗೆಂದು ಫೋನು ಮಾಡಿ, ಅದು ತಪ್ಪಿ ಬೋರ್ಡಣ್ಣನಿಗೆ ಹೋಗಿ, ಗ್ಯಾಸ್ ಸಿಲಿಂಡರ್ ತರದೆ ಮನೆ ಮೆಟ್ಟಿಲು ಹತ್ತಬೇಡ ಎಂದು ಚೆನ್ನಾಗಿ ಉಗಿದಳು. ಇವನು ಮಧ್ಯೆ ಮಧ್ಯೆ "ಆಯ್ತು ಕಣೇ, ತರ್ತೀನಿ" ಎನ್ನುತ್ತ ಪೂರ್ತಿ ಕೇಳಿಸಿಕೊಂಡ. ಸಂಜೆ ತಾನೇ ಸಿಲಿಂಡರ್ ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ನಿಂತ. ಆ ತಾಯಿ ನಾಲಿಗೆ ಕಚ್ಚಿಕೊಂಡು ಒಳಗೋಡಿದವಳು ಅವನು ಹೋಗುವವರೆಗೂ ಹೊರಗೆ ಬರಲಿಲ್ಲ.

ಮಾಸ್ತರನಿಗೆ ಒಂದೇ ಒಂದು ಚಟ. ದಿನವಿಡೀ ಕಾರಿನಲ್ಲಿ ಕೂತು ಸಾಕಾಗದೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಲಾರಿ ಓಡಿಸುವುದು. ಆ ಆಟಕ್ಕೆಂದು ಬೋರ್ಡಣ್ಣನೇ ತಮ್ಮನಿಗೆ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟ. ಅದರ ಬೋರ್ಡು ಬಂದ ದಿನ ನನ್ನನ್ನು ಮಷೀನಿನಿಂದ ಎಬ್ಬಿಸಿ, ಭೂತಗನ್ನಡಿಯ ಕೆಳಗೆ ತಲೆ ಹಿಡಿದು ಕೂರಿಸಿದ.

"ನೋಡಕ್ಕ, ಇದನ್ನ ನೋಡು. ಮಾಮೂಲಿ ಬೋರ್ಡಲ್ಲ, ಗೇಮಿಂಗ್ ಬೋರ್ಡು."

ನನಗೆ ಮೊದಲು ಕಂಡದ್ದು ದೀಪಗಳೇ. ಅಂಚಿನಲ್ಲೆಲ್ಲ ಕೆಂಪು, ನೇರಳೆ, ಹಸಿರು ಓಡಾಡುತ್ತಿದ್ದವು. "ಇದೇನು ಬೋರ್ಡೋ, ಮದುವೆ ಮಂಟಪವೋ?" ಎಂದೆ.

"ದೀಪ ಬಿಡು, ಅದು ಮಕ್ಕಳನ್ನ ಮೆಚ್ಚಿಸೋಕೆ. ಇಲ್ಲಿ ನೋಡು." ಅವನು ಒಂದು ಲೋಹದ ಕವಚ ಬಿಚ್ಚಿದ. ಪ್ರೊಸೆಸರ್ ಕೂರುವ ಚೌಕದ ಎರಡು ಬದಿಗೂ ಕಪ್ಪು ತುಂಡುಗಳು ಸಾಲಾಗಿ ನಿಂತಿದ್ದವು, ಒಂದೊಂದರ ಪಕ್ಕಕ್ಕೂ ಒಂದೊಂದು ಪುಟ್ಟ ಡಬ್ಬಿ. "ಇವು ಕರೆಂಟು ಹಂಚೋರು. ಆಟ ಜೋರಾದಾಗ ಪ್ರೊಸೆಸರ್ ಗಬಗಬ ಕರೆಂಟು ಕುಡಿಯುತ್ತೆ. ಸಣ್ಣ ಬೋರ್ಡಲ್ಲಿ ನಾಲ್ಕೈದು ಜನ ಹಂಚ್ತಾರೆ, ಬಿಸಿಯಾಗಿ ಸತ್ತೇ ಹೋಗ್ತಾರೆ. ಇಲ್ಲಿ ದೊಡ್ಡ ಸಂಸಾರ, ಸರದಿ ಮೇಲೆ ಕೆಲಸ. ಬಿಸಿ ಹೀರೋಕೆ ಮೇಲೆ ಈ ಕವಚ."

ಮೆಮೊರಿ ಕಡ್ಡಿ ಸಿಕ್ಕಿಸುವ ಉದ್ದನೆಯ ಸಂದುಗಳಿಂದ ಪ್ರೊಸೆಸರಿನ ಕಡೆಗೆ ಕೂದಲಿಗಿಂತ ತೆಳ್ಳನೆಯ ಗೆರೆಗಳು ಓಡಿದ್ದವು. ಅವುಗಳಲ್ಲಿ ಕೆಲವು ನೆಟ್ಟಗಿದ್ದರೆ ಕೆಲವು ಸುಮ್ಮಸುಮ್ಮನೆ ಅಂಕುಡೊಂಕಾಗಿ ಸುತ್ತಿದ್ದವು. ಕೈ ತಪ್ಪಿ ಓಡಿದ ಹೊಲಿಗೆಯಂತಿತ್ತು. ಅಷ್ಟು ಜಾಗವಿದ್ದೂ ಯಾಕಿಷ್ಟು ಕೊಂಕು ಎಂದು ಕೇಳಿದೆ.

"ಎಲ್ಲ ಗೆರೆಗೂ ಉದ್ದ ಒಂದೇ ಇರಬೇಕು ಅಕ್ಕ. ಹತ್ರ ಇರೋನು ಮೊದಲೇ ಬಂದ್ಬಿಟ್ಟು, ದೂರ ಇರೋನು ತಡವಾಗಿ ಬಂದ್ರೆ ಮಾತು ಕಲಸುಮೇಲೋಗರ ಆಗುತ್ತೆ. ಅದಕ್ಕೇ ಹತ್ರ ಇರೋನನ್ನ ಬೇಕಂತ್ಲೇ ಸುತ್ತಾಡಿಸ್ತಾರೆ." ಅದನ್ನು ತಾನೇ ಕಂಡುಹಿಡಿದವನಂತೆ ಅವನ ಮುಖ ಅರಳಿತ್ತು. ಮೂಲೆಯಲ್ಲಿ ಒಂದರ ಕೆಳಗೊಂದು ಇದ್ದ ನಾಲ್ಕು ಪುಟ್ಟ ದೀಪಗಳನ್ನೂ ತೋರಿಸಿದ. ಪ್ರೊಸೆಸರ್, ಮೆಮೊರಿ, ಚಿತ್ರ ತೋರಿಸುವ ಕಾರ್ಡು, ಡ್ರೈವು. ಯಾವುದಕ್ಕೆ ಕಾಯಿಲೆಯೋ ಅದರ ದೀಪ ಆರದೆ ಉಳಿಯುತ್ತದಂತೆ. "ಈ ಬೋರ್ಡಿಗೆ ಬಾಯಿದೆ ಅಕ್ಕ, ಎಲ್ಲಿ ನೋವು ಅಂತ ತಾನೇ ಹೇಳುತ್ತೆ."

ಮಾಸ್ತರ ಲಾರಿ ಓಡಿಸುತ್ತ ಸುಮ್ಮನೆ ಕೂರುವ ಆಸಾಮಿಯಲ್ಲ. ಮೈಕ್ ಮುಂದಿಟ್ಟುಕೊಂಡು, ಪಕ್ಕದಲ್ಲಿ ಯಾರೋ ಕಲಿಯುವವರು ಕೂತಿದ್ದಾರೆಂದುಕೊಂಡು, ಇಳಿಜಾರಿನಲ್ಲಿ ಗೇರು ಹೇಗೆ ಬದಲಿಸಬೇಕು, ಕನ್ನಡಿ ಯಾವಾಗ ನೋಡಬೇಕು ಎಂದು ಪಾಠ ಹೇಳುತ್ತ ಆಡುವನು. ಅದೆಲ್ಲ ರೆಕಾರ್ಡ್ ಆಗುತ್ತಿತ್ತು. ಮುಂದೊಂದು ದಿನ ಇಂಟರ್ನೆಟ್ಟಿಗೆ ಹಾಕುತ್ತೇನೆ ಎನ್ನುತ್ತಿದ್ದ. ಆ ಮುಂದೊಂದು ದಿನ ಬರಲೇ ಇಲ್ಲ, ಏಕೆಂದರೆ ಅವನಿಗೆ ವಿಪರೀತ ನಾಚಿಕೆ. ಮನೆಯವರು ಬಾಗಿಲು ತೆರೆದರೂ ಮೈಕ್ ಆರಿಸಿಬಿಡುವನು. "ನಮ್ಮನೆಯವರು ಗೋಡೆಗೆ ಲೈಸೆನ್ಸ್ ಕೊಡಿಸ್ತಿದಾರೆ" ಎಂದು ಹೆಂಡತಿ ಎಲ್ಲರೆದುರು ನಗುತ್ತಿದ್ದಳು.

ಆಮೇಲೆ ಅವನ ದನಿ ಒಡೆಯಿತು. ಕೂಗಿ ಕೂಗಿ ಹಾಗಾಗಿದೆ ಎಂದು ಎಲ್ಲರೂ ಅಂದುಕೊಂಡೆವು. ಬಿಸಿನೀರು, ವಿಶ್ರಾಂತಿ, ಅದು ಇದು ಆಯಿತು. ಒಡಕು ಇನ್ನಷ್ಟು ಒಡೆಯಿತು. ಕೊನೆಗೆ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ನೋಡಿದರೆ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇಗ ತೆಗೆಯಬೇಕು ಎಂದರು.

ಅಲ್ಲಿ ಮಾತು ಕಲಿಸುವ ಟೀಚರಮ್ಮ ಒಬ್ಬರಿದ್ದರು. ಆಪರೇಷನ್ನಿಗೆ ಮೊದಲು ಅವರು ಒಂದು ವಿಷಯ ಹೇಳಿದರು. ಫೋನಿನಲ್ಲಿ ಬರೆದರೆ ಫೋನೇ ಓದಿ ಹೇಳುತ್ತದೆ. ಅದು ಯಾರದೋ ದನಿಯಲ್ಲಿ ಓದಬೇಕೆಂದಿಲ್ಲ, ನಿಮ್ಮ ದನಿಯನ್ನೇ ಅದಕ್ಕೆ ಕಲಿಸಬಹುದು. ಆದರೆ ಗಂಟಲು ಕೆಡುವ ಮೊದಲಿನ ದನಿ ಬೇಕು, ಸ್ಪಷ್ಟವಾಗಿ ಬೇಕು, ತುಂಬ ಹೊತ್ತಿನದು ಬೇಕು. ಫೋನಿನಲ್ಲಿದ್ದ ನಾಲ್ಕಾರು ತುಣುಕುಗಳಲ್ಲಿ ಬರೀ ಹಾರನ್ನಿನ ಗದ್ದಲ. ಮಾಸ್ತರ ಮಾತ್ರ ಹೆದರಲಿಲ್ಲ. ಒಡೆದ ದನಿಯಲ್ಲೇ ನಕ್ಕು, "ಗಂಟೆಗಟ್ಟಲೆ ಇದೆ ಮೇಡಂ, ಮನೇಲಿ ಕಂಪ್ಯೂಟರಲ್ಲಿ. ನೀವೇ ಸಾಕು ಮಾರಾಯ ಅನ್ಬೇಕು" ಎಂದನಂತೆ. ಅವನು ತನ್ನ ಬಾಯಿಂದ ಆಡಿದ ಕೊನೆಯ ಮಾತುಗಳಲ್ಲಿ ಅದೂ ಒಂದು.

ಅವನು ಮನೆಗೆ ಮರಳಿದ. ಕುತ್ತಿಗೆಯ ಮುಂದೆ ಉಸಿರಾಟಕ್ಕೊಂದು ತೂತು, ಅದರ ಮೇಲೆ ತೆಳು ಬಟ್ಟೆ. ಕೈಯಲ್ಲಿ ಫೋನು. ಬರೆದದ್ದನ್ನು ಓದುತ್ತಿದ್ದುದು ಯಾವಳೋ ಹೆಂಗಸು, ಲಿಫ್ಟಿನಲ್ಲಿ ಮಹಡಿ ಹೇಳುತ್ತಾಳಲ್ಲ ಅಂಥವಳು. ಅನ್ನ ಬೇಕು ಎನ್ನುವುದನ್ನೂ ತಲೆನೋವು ಎನ್ನುವುದನ್ನೂ ಅವಳು ಒಂದೇ ರಾಗದಲ್ಲಿ ಹೇಳುವಳು. ನಾನು ನೋಡಲು ಹೋದಾಗ "ಬನ್ನಿ ಅಕ್ಕಾ, ಕೂತ್ಕೊಳ್ಳಿ" ಎಂದು ಆ ಹೆಂಗಸು ನನ್ನನ್ನು ಕರೆದಳು. ನನಗೆ ನಗು ಬಂತು, ಅದನ್ನು ನುಂಗಿ ಅವನ ಕುತ್ತಿಗೆಯ ಬಟ್ಟೆಯ ಹೊಲಿಗೆ ನೋಡುತ್ತ ಕೂತೆ.

ರೆಕಾರ್ಡು ತೆಗೆಯೋಣವೆಂದು ಅವನ ಹೆಂಡತಿ ಕಂಪ್ಯೂಟರಿನ ಗುಂಡಿ ಒತ್ತಿದಳು. ಟಪ್ ಎಂದಿತು, ಸುಟ್ಟ ವಾಸನೆ ಬಂತು, ಅಷ್ಟೇ.

ಮಾರನೆಯ ದಿನ ಆ ಪೆಟ್ಟಿಗೆ ನಮ್ಮ ಅಂಗಡಿಗೆ ಬಂತು. ಹೊತ್ತು ತಂದವಳು ಅವಳೇ. ಬೋರ್ಡಣ್ಣ ಪಕ್ಕದ ಗಾಜು ಬಿಚ್ಚಿ ಟಾರ್ಚು ಬಿಟ್ಟ. ಪ್ರೊಸೆಸರನ್ನು ತಣ್ಣಗಿಡಲು ನೀರು ಓಡಾಡುವ ಕೊಳವೆಯೊಂದಿದೆ, ಅದರ ಬೆಸುಗೆ ಸಡಿಲವಾಗಿ ಹನಿ ಹನಿ ಸೋರಿತ್ತು. ಕರೆಂಟು ಹಂಚುವ ಆ ದೊಡ್ಡ ಸಂಸಾರದ ಮೇಲೇ ಬಿದ್ದಿತ್ತು.

"ಭಾವ, ನಮಗೆ ಕಂಪ್ಯೂಟರ್ ಬೇಡ" ಎಂದಳು ಅವಳು. "ಆ ರೆಕಾರ್ಡಿಂಗ್ ಒಂದು ತೆಕ್ಕೊಡಿ ಸಾಕು."

ಬೋರ್ಡಣ್ಣ ಕವಚವೊಂದನ್ನು ಎತ್ತಿ, ಚೂಯಿಂಗ್ ಗಮ್ಮಿನಷ್ಟು ತೆಳ್ಳಗಿನ ಡ್ರೈವನ್ನು ಹೊರತೆಗೆದ. "ನೋಡಮ್ಮ, ಎಲ್ಲ ಇದರೊಳಗಿದೆ. ಬೋರ್ಡು ಸುಟ್ಟರೂ ಇದಕ್ಕೇನೂ ಆಗಿಲ್ಲ, ಒಂದು ಹನೀನೂ ಬಿದ್ದಿಲ್ಲ." ಅದನ್ನು ಬೆಳ್ಳಿ ಬಣ್ಣದ ಚೀಲದಲ್ಲಿ ಹಾಕಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮೇಲಿನ ಹಲಗೆಯಲ್ಲಿಟ್ಟ. "ಇದು ಎಲ್ಲಿಗೂ ಓಡಿಹೋಗಲ್ಲ. ಬೋರ್ಡಿಗೂ ಜೀವ ಕೊಡ್ತೀನಿ. ಅವನೇ ಬಂದು, ಅವನೇ ಗುಂಡಿ ಒತ್ತಿ, ಅವನ ದನಿ ಅವನೇ ಮೊದಲು ಕೇಳ್ಲಿ."

ಅದು ಜಂಭದ ಮಾತಲ್ಲ, ಪ್ರೀತಿಯ ಮಾತು. ಆ ಕ್ಷಣಕ್ಕೆ ನನಗೂ ಚೆಂದವೇ ಕಂಡಿತು. ಅವಳು ಡಬ್ಬಿಯನ್ನು ಒಮ್ಮೆ ನೋಡಿ ಹೋದಳು. ಡ್ರೈವನ್ನು ಅಂದೇ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದ್ದರೆ! ಆದರೆ ಅವನ ಕೆಲಸ ಬೋರ್ಡು, ಡ್ರೈವಲ್ಲ. ಡ್ರೈವು ಗಟ್ಟಿಯಿದೆ ಎಂದ ಮೇಲೆ ಅದನ್ನು ಎತ್ತಿಟ್ಟು ಮರೆತು ಬೋರ್ಡಿನ ಹಿಂದೆ ಬೀಳುವುದು ಅವನಿಗೆ ಅಭ್ಯಾಸ.

ಕೆಲಸ ಶುರುವಾಯಿತು. ಸುಟ್ಟ ತುಂಡು ಯಾವುದೆಂದು ಮೀಟರಿಗೆ ಸುಲಭವಾಗಿ ಸಿಕ್ಕಿತು. ಬಿಸಿಗಾಳಿಯಲ್ಲಿ ಅದನ್ನು ಎತ್ತಿ, ಅಂಥದ್ದೇ ಇನ್ನೊಂದನ್ನು ಹಳೆಯ ಬೋರ್ಡಿನಿಂದ ಕಿತ್ತು ಕೂರಿಸಿದ. ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಉಜ್ಜಿದ. ಆ ದಿನಗಳಲ್ಲಿ ಅವನ ಬಾಯಿ ಬಂದ್ ಆಗಿತ್ತು ಎನ್ನುವುದು ನನಗೆ ತಟ್ಟನೆ ಹೊಳೆದದ್ದು ಆಗಲೇ. "ಎಲ್ಲಿ ನೋವಪ್ಪಾ" ಎನ್ನಲಿಲ್ಲ. ನನ್ನನ್ನು ಕಾಡಿಸಲಿಲ್ಲ. ಮಾಸ್ತರನ ಹೆಂಡತಿಯೂ ಹಿಂದೆ ಒಂದು ಸಲ ಹೇಳಿದ್ದಳು, ಭಾವ ನಮ್ಮನೆಗೆ ಬಂದ್ರೆ ಬರೀ ತಲೆ ಆಡಿಸ್ತಾರೆ, ಒಂದು ಮಾತಿಲ್ಲ ಎಂದು.

"ಯಾಕೋ, ನಾಲಿಗೆ ಎಲ್ಲಿ ಒತ್ತೆ ಇಟ್ಟೆ?" ಎಂದು ಕೇಳಿಯೇಬಿಟ್ಟೆ.

ಅವನು ಲೆನ್ಸಿನಿಂದ ತಲೆಯೆತ್ತಲಿಲ್ಲ. "ಅವನ ಮನೇಲಿ ನಾನು ಬಾಯಿ ಬಿಟ್ರೆ ಎಲ್ಲರೂ ತಿರುಗಿ ನೋಡ್ತಾರೆ ಅಕ್ಕ. ಅಡುಗೆಮನೆಯಿಂದ ಅವಳು ಓಡಿ ಬರ್ತಾಳೆ. ಬಂದು ನನ್ನ ನೋಡಿ ನಿಂತ್ಬಿಡ್ತಾಳೆ. ಅವನು ನೆಲ ನೋಡ್ತಾನೆ. ಹೇಗೆ ಮಾತಾಡ್ಲಿ?"

ನಾನು ಪ್ಯಾಂಟೊಂದನ್ನು ಸೂಜಿಯ ಕೆಳಗೆ ಎಳೆದುಕೊಂಡೆ. ಮಷೀನು ತುಳಿದೆ.

ಬೋರ್ಡಿಗೆ ಕರೆಂಟು ಕೊಟ್ಟಾಗ ಫ್ಯಾನು ತಿರುಗಿತು, ಮದುವೆ ಮಂಟಪದ ದೀಪಗಳೆಲ್ಲ ಓಡಿದವು. ಆದರೆ ಪರದೆ ಕಪ್ಪಾಗಿಯೇ ಇತ್ತು. ಮೂಲೆಯ ನಾಲ್ಕು ದೀಪಗಳಲ್ಲಿ ಎರಡನೆಯದು, ಮೆಮೊರಿಯದು, ಆರದೆ ನಿಂತಿತು. ಬೋರ್ಡು ತನ್ನ ನೋವು ಎಲ್ಲಿದೆ ಎಂದು ಸರಿಯಾಗಿಯೇ ಹೇಳುತ್ತಿತ್ತು. ಬೋರ್ಡಣ್ಣ ಮೆಮೊರಿ ಕಡ್ಡಿಗಳನ್ನು ಬದಲಿಸಿದ, ಆ ಸಂದಿನಿಂದ ಈ ಸಂದಿಗೆ ಹಾಕಿದ, ದೀಪ ಆರಲಿಲ್ಲ. ಆಗ ಈ ಕಸುಬಿನವರೆಲ್ಲ ಕಣ್ಣುಮುಚ್ಚಿ ಮಾಡುವ ಕೆಲಸವನ್ನು ಅವನೂ ಮಾಡಿದ. ಚಿಪ್ ಬರೆದ.

ಬೋರ್ಡಿನ ಮೇಲೆ ಕಡಲೆಬೇಳೆಯಷ್ಟು ದೊಡ್ಡ ಚಿಪ್ ಒಂದಿದೆ. ಬೋರ್ಡು ಎದ್ದ ಕೂಡಲೇ ಮೊದಲು ಏನು ಮಾಡಬೇಕು, ಆಮೇಲೆ ಏನು ಎಂಬ ಪಾಠವೆಲ್ಲ ಅದರೊಳಗಿರುತ್ತದೆ. ಪಾಠ ಕೆಟ್ಟರೆ ಬೋರ್ಡು ಹೀಗೇ ದೀಪ ಹಚ್ಚಿಕೊಂಡು ಪೆದ್ದನಂತೆ ಕೂರುತ್ತದೆ. ಅದಕ್ಕೇ ಪರದೆ ಬಾರದಿದ್ದರೆ ಆ ಚಿಪ್ಪಿಗೆ ಕ್ಲಿಪ್ ಕಚ್ಚಿಸಿ, ಹಳೆಯದನ್ನೆಲ್ಲ ಒರೆಸಿ, ಹೊಸ ಪಾಠ ಬರೆಯುತ್ತಾರೆ. ಹಾಗೆ ಬರೆದ ಎಷ್ಟು ಬೋರ್ಡುಗಳು ಅವನ ಮೇಜಿನಿಂದ ಎದ್ದು ನಡೆದುಹೋಗಿವೆಯೋ. ಹಳೆಯದನ್ನು ಮೊದಲು ನಕಲು ತೆಗೆದಿಡುವುದು ಪದ್ಧತಿ. ಅಂದೂ ತೆಗೆಯಲು ಹೋದ. ಕ್ಲಿಪ್ಪು ಸರಿಯಾಗಿ ಕಚ್ಚದೆ ನಕಲು ಒಂದೊಂದು ಸಲ ಒಂದೊಂದು ಥರ ಬಂತು. "ನೋಡಿದ್ಯಾ ಅಕ್ಕ, ಪಾಠ ಪೂರ್ತಿ ಕೆಟ್ಟಿದೆ" ಎಂದವನು ನಕಲನ್ನು ಎಸೆದು, ಕ್ಲಿಪ್ಪನ್ನು ಒತ್ತಿ ಕೂರಿಸಿ, ಒರೆಸಿ ಬರೆದ.

ಅಷ್ಟಾದರೂ ಮೆಮೊರಿ ದೀಪ ಆರಲಿಲ್ಲ. ತಲೆ ಕೆರೆದುಕೊಂಡು, ಮೆಮೊರಿ ಸಂದಿನ ಒಳಗೆ ಲೆನ್ಸು ಹಿಡಿದು ನೋಡಿದರೆ ತಳದ ಹಲ್ಲುಗಳ ಮೇಲೆ ಹಸಿರು ಪಾಚಿಯಂಥದ್ದು ಕೂತಿತ್ತು. ಸೋರಿದ ನೀರು ಅಲ್ಲಿಗೂ ಇಳಿದಿತ್ತು. ನನ್ನ ಹತ್ತಿರವೇ ಒಂದು ಸಣ್ಣ ಸೂಜಿ ಇಸಿದುಕೊಂಡು ಅದನ್ನು ಕೆರೆದು, ತೊಳೆದು, ಒಣಗಿಸಿ ಕರೆಂಟು ಕೊಟ್ಟ. ನಾಲ್ಕೂ ದೀಪಗಳು ಒಂದಾದ ಮೇಲೊಂದು ಮಿನುಗಿ ಆರಿದವು. ಪರದೆ ಬೆಳಗಿತು. ನಾನು ಚಪ್ಪಾಳೆ ತಟ್ಟಿದೆ. ಬಹಳ ದಿನಗಳ ಮೇಲೆ ಅವನು "ಬಂದ್ಯಾ ಮಗನೇ" ಎಂದು ಬೋರ್ಡಿನ ಜೊತೆ ಮಾತಾಡಿದ.

ಸಂಜೆಗೆ ಮಾಸ್ತರನೂ ಹೆಂಡತಿಯೂ ಬಂದರು. ಬೋರ್ಡಣ್ಣ ಡಬ್ಬಿ ಇಳಿಸಿ, ಡ್ರೈವನ್ನು ಅದರ ಜಾಗದಲ್ಲಿ ಕೂರಿಸಿ, ಕವಚ ಹಾಕಿ ಸ್ಕ್ರೂ ಬಿಗಿದ. ತಮ್ಮನಿಗೆ ಕುರ್ಚಿ ಎಳೆದು ಗುಂಡಿ ತೋರಿಸಿದ. ಮಾಸ್ತರ ಕುತ್ತಿಗೆಯ ಬಟ್ಟೆ ಸರಿಮಾಡಿಕೊಂಡು, ಫೋಟೊ ತೆಗೆಸಿಕೊಳ್ಳುವವನಂತೆ ನೆಟ್ಟಗೆ ಕೂತು, ಗುಂಡಿ ಒತ್ತಿದ.

ಪರದೆ ನೀಲಿಯಾಗಿ ನಿಂತಿತು. ಬೀಗದ ಸಂಖ್ಯೆ ಹಾಕಿ ಎಂದು ಕೇಳುತ್ತಿತ್ತು. ಕೆಳಗೆ ಅಂಕಿ ತುಂಬಲು ಖಾಲಿ ಜಾಗ, ಈ ತುದಿಯಿಂದ ಆ ತುದಿಯವರೆಗೆ.

"ಯಾವ ಬೀಗ?" ಎಂದ ಬೋರ್ಡಣ್ಣ. "ಇದಕ್ಕೆ ನಾನು ಬೀಗ ಹಾಕಿಲ್ವಲ್ಲ."

ಮಾಸ್ತರ ತಲೆ ತಗ್ಗಿಸಿ ಫೋನಿನಲ್ಲಿ ಬರೆದ. ಲಿಫ್ಟಿನ ಹೆಂಗಸು ಹೇಳಿದಳು: "ನಾನೇ ಹಾಕಿದ್ದೆ. ಯಾರಾದ್ರೂ ಕೇಳಿ ನಕ್ಕಾರು ಅಂತ."

"ನಂಬರ್ ಎಲ್ಲೋ?"

"ಫೋಟೊ ತೆಗೆದು ಭದ್ರವಾಗಿ ಇಟ್ಟಿದೀನಿ. ಇದೇ ಕಂಪ್ಯೂಟರಲ್ಲಿ."

ನಾನು ಫಕ್ಕನೆ ನಕ್ಕುಬಿಟ್ಟೆ. ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡವರನ್ನು ಕಂಡರೆ ಯಾರಿಗೆ ನಗು ಬರುವುದಿಲ್ಲ? ಹೆಂಡತಿಯೂ ಹಣೆ ಚಚ್ಚಿಕೊಂಡು ನಕ್ಕಳು. ಮಾಸ್ತರ ಮತ್ತೆ ಬರೆದ: "ಇಷ್ಟು ದಿನ ಕೇಳ್ತಾನೇ ಇರಲಿಲ್ಲ. ತಾನೇ ತೆಗೀತಿತ್ತು. ಇವತ್ತು ಯಾಕೆ ಕೇಳ್ತಿದೆ ಅಣ್ಣ?"

ಬೋರ್ಡಣ್ಣನ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು. ರಕ್ತವೆಲ್ಲ ಇಳಿದುಹೋಗಿತ್ತು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದ. ಆಮೇಲೆ ಪಿಸುಗುಟ್ಟುವ ದನಿಯಲ್ಲಿ ಹೇಳಿದ. ಆ ಬೀಗ ತೆಗೆಯುವ ಗುಟ್ಟನ್ನು ಬೋರ್ಡು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಬೋರ್ಡಿನ ಗುರುತು ಸಿಕ್ಕಿದರೆ ಡ್ರೈವು ತಾನೇ ತೆರೆಯುತ್ತದೆ. ಆ ಗುರುತು ಇದ್ದದ್ದು ಕಡಲೆಬೇಳೆಯಷ್ಟಿನ ಆ ಚಿಪ್ಪಿನಲ್ಲಿ.

"ಚಿಪ್ಪಿಗೆ ಏನೂ ಆಗಿರ್ಲಿಲ್ಲ" ಎಂದ. "ಪಾಚಿ ಇದ್ದದ್ದು ಸಂದಿನಲ್ಲಿ. ಚಿಪ್ಪು ಚೆನ್ನಾಗೇ ಇತ್ತು. ನಾನು ಸುಮ್ಮನೆ ಒರೆಸಿ ಹಾಕ್ದೆ. ಡ್ರೈವನ್ನ ಅವತ್ತೇ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ್ರೆ ಬೀಗ ಇರೋದು ಗೊತ್ತಾಗ್ತಿತ್ತು, ಚಿಪ್ ಮುಟ್ತಾನೇ ಇರಲಿಲ್ಲ."

"ಅಲ್ಲಯ್ಯಾ, ಬಿಚ್ಚಿ ಮತ್ತೆ ಹೊಲಿಯೋಕಾಗಲ್ವಾ?" ಎಂದೆ ನಾನು. ನನಗೆ ತಿಳಿದದ್ದು ಅಷ್ಟೇ.

"ಹೊಲಿಗೆ ಹೋಗಿದ್ರೆ ಹೊಲೀಬಹುದಿತ್ತು ಅಕ್ಕ. ಬಟ್ಟೇನೇ ಹೋಯ್ತು."

ಮಾಸ್ತರನ ಹೆಂಡತಿ ಒಮ್ಮೆ ಡಬ್ಬಿಯನ್ನು, ಒಮ್ಮೆ ಭಾವನನ್ನು ನೋಡಿದಳು. ರೆಕಾರ್ಡಿಂಗ್ ಒಂದು ತೆಕ್ಕೊಡಿ ಸಾಕು ಎಂದಿದ್ದವಳು ಅವಳು. ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಾಸ್ತರ ಆ ಖಾಲಿ ಜಾಗದಲ್ಲಿ ಅಂಕಿಗಳನ್ನು ಒತ್ತಲು ಶುರುಮಾಡಿದ. ಮದುವೆಯ ತಾರೀಕು, ಡ್ರೈವಿಂಗ್ ಶಾಲೆಯ ಕಾರಿನ ನಂಬರು, ಹಳೆಯ ಫೋನ್ ನಂಬರು. ಆ ಸಂಖ್ಯೆ ಅವನು ಇಟ್ಟದ್ದಲ್ಲ, ಯಂತ್ರ ತನ್ನಷ್ಟಕ್ಕೆ ಹುಟ್ಟಿಸಿದ್ದು ಎಂದು ಅವನಿಗೂ ಗೊತ್ತಿತ್ತು. ಆದರೂ ಒತ್ತಿದ. ಅವನ ಹೆಗಲ ಮೇಲೆ ಹೆಂಡತಿ ಕೈಯಿಟ್ಟ ಮೇಲೆ ನಿಲ್ಲಿಸಿದ.

ಆಮೇಲಿನ ದಿನಗಳಲ್ಲಿ ಬೋರ್ಡಣ್ಣ ಕಾಡಿ ಬೇಡದ ಜನರಿಲ್ಲ. ತನಗೆ ಕಸುಬು ಕಲಿಸಿದ ಮುದುಕನನ್ನು ಹುಡುಕಿಕೊಂಡು ಹೋದ. ಬೋರ್ಡು ಮಾಡುವ ಕಂಪನಿಗೆ ಬರೆದ. ಕಳೆದುಹೋದ ಕಡತ ತೆಗೆದುಕೊಡುತ್ತೇವೆ ಎನ್ನುವವರ ಬಳಿಗೆ ಡಬ್ಬಿ ಹಿಡಿದು ಅಲೆದ. ಎಲ್ಲರೂ ಕೇಳಿದ್ದು ಒಂದೇ ಮಾತು, ಹಳೆಯ ಚಿಪ್ಪಿನ ನಕಲು ಇದೆಯಾ? ಎಸೆದದ್ದು ಹೇಗೂ ಕೆಟ್ಟ ನಕಲೇ ಆಗಿತ್ತು, ಇದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ. ಆದರೂ ನಮ್ಮ ಅಂಗಡಿಯ ಕಂಪ್ಯೂಟರಿನ ಕಸವನ್ನೆಲ್ಲ ಅವನು ಕೆದಕಿ ಕೆದಕಿ ನೋಡುವುದನ್ನು ಕಂಡು ನನಗೆ ಅಳು ಬರುತ್ತಿತ್ತು. ತಮ್ಮನ ಬೋರ್ಡು ಮೇಜಿನ ಮೇಲೆ ಬಣ್ಣ ಬಣ್ಣದ ದೀಪ ಓಡಿಸಿಕೊಂಡು, ಗುಂಡುಕಲ್ಲಿನಂತೆ ಆರೋಗ್ಯವಾಗಿ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಅದರ ಪ್ಲಗ್ ಕಿತ್ತು ಹಳೆಯ ಲಂಗವೊಂದನ್ನು ಮುಚ್ಚಿದೆ.

ಕೊನೆಗೆ ದಾರಿ ತೋರಿಸಿದವರು ಟೀಚರಮ್ಮನೇ. ಹತ್ತಿರದ ಸಂಬಂಧಿಯ ದನಿ ಕೊಟ್ಟರೂ ಫೋನಿಗೆ ಕಲಿಸಬಹುದು, ಅಣ್ಣ ತಮ್ಮಂದಿರ ದನಿ ಹೋಲುತ್ತದೆ ಎನ್ನುತ್ತೀರಲ್ಲ ಎಂದರು. ಹೋಲುವುದೇನು, ಅದೇ ದನಿ! ನಾನಂತೂ ದೇವರೇ ಕಣ್ಣು ತೆರೆದ ಅಂದುಕೊಂಡೆ. ಬೋರ್ಡಣ್ಣ ಒಬ್ಬನೇ ಹೋಗಲು ಹೆದರಿ ನನ್ನನ್ನೂ ಎಳೆದುಕೊಂಡು ಹೋದ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆಯಲ್ಲಿ ಅವನನ್ನು ಕೂರಿಸಿ ವಾಕ್ಯಗಳನ್ನು ಓದಿಸಿದರು. 'ಬಾಗಿಲು ಹಾಕು.' 'ನೀರು ಬಿಸಿ ಇದೆಯಾ?' 'ನಾಳೆ ಬರ್ತೀನಿ.' ಮನೆಗಳಲ್ಲಿ ಯಾರೂ ಕಿವಿಗೊಡದ ಮಾತುಗಳು. ಒಂದೊಂದನ್ನೂ ಅವನು ಬೆವರು ಸುರಿಸಿ, ತಪ್ಪದಂತೆ ಓದಿದ. 'ನಾನು ಚೆನ್ನಾಗಿದೀನಿ' ಎನ್ನುವಲ್ಲಿ ಮಾತ್ರ ನಿಂತುಬಿಟ್ಟ. ಟೀಚರಮ್ಮ ಗಾಜಿನಾಚೆಯಿಂದ "ಪರವಾಗಿಲ್ಲ, ಇನ್ನೊಂದ್ಸಲ" ಎಂದರು. ಇನ್ನೊಂದು ಸಲಕ್ಕೂ ಬರಲಿಲ್ಲ. ಅದನ್ನು ಬಿಟ್ಟು ಮುಂದೆ ಹೋದರು.

ದನಿ ಸಿದ್ಧವಾಯಿತೆಂದು ತಿಳಿದ ಸಂಜೆ ನಾವು ಮಾಸ್ತರನ ಮನೆಯ ನಡುಕೋಣೆಯಲ್ಲಿ ಕೂತೆವು. ಮೂಲೆಯಲ್ಲಿ ಕಂಪ್ಯೂಟರಿನ ಮೇಜು ಖಾಲಿಯಿತ್ತು, ಮೈಕು ಮಾತ್ರ ತಲೆ ಬಾಗಿಸಿ ನಿಂತಿತ್ತು. ಹೆಂಡತಿ ಫೋನಿನಲ್ಲಿ ಹೊಸ ದನಿ ಇಳಿಸಿ, ತಾನೇ ಮೊದಲು ಬರೆದಳು.

"ಕ್ಲಚ್, ಕ್ಲಚ್, ಅಯ್ಯೋ ಕ್ಲಚ್!" ಎಂದಿತು ಫೋನು.

ಮೈ ಜುಮ್ಮೆಂದಿತು. ಮಾಸ್ತರನೇ. ಅದೇ ದಪ್ಪ, ಅದೇ ಮೂಗು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ ಅತ್ತಳು. "ಇವರೇ, ಭಾವ, ಇವರೇ" ಎಂದಳು. ನಾನೂ "ಇವನೇ ಕಣಯ್ಯಾ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದೆ. ಬೋರ್ಡಣ್ಣ ಗೋಡೆಗೊರಗಿ ತಮ್ಮನನ್ನೇ ನೋಡುತ್ತಿದ್ದ.

ಮಾಸ್ತರ ಫೋನು ತೆಗೆದುಕೊಂಡ. ಏನೋ ಬರೆದ, ಅಳಿಸಿದ, ಮತ್ತೆ ಬರೆದ. ಬರೆದ ಮೇಲೂ ಸ್ವಲ್ಪ ಹೊತ್ತು ಬೆರಳು ಗಾಳಿಯಲ್ಲೇ ಇತ್ತು. ಆಮೇಲೆ ಒತ್ತಿದ.

"ಇದು ನಾನಲ್ಲ ಅಣ್ಣ" ಎಂದಿತು ಫೋನು, ಬೋರ್ಡಣ್ಣನ ದನಿಯಲ್ಲಿ.

ನಮಗೆಲ್ಲ ಒಂದೇ ಎನಿಸಿದ್ದು ಅವನೊಬ್ಬನಿಗೆ ಒಂದಾಗಿರಲಿಲ್ಲ. ತನ್ನ ದನಿ ಹೇಗಿತ್ತೆಂದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅವನು ಕೋಪಿಸಿಕೊಂಡಿರಲಿಲ್ಲ. ಅಣ್ಣನ ಕಡೆ ನೋಡಿ ಸ್ವಲ್ಪ ನಕ್ಕ ಕೂಡ. ಫೋನಿನಲ್ಲಿ ಏನೇನೋ ಒತ್ತಿ ಮತ್ತೆ ಬರೆದ. ಈ ಸಲ ಮಾತಾಡಿದವಳು ಲಿಫ್ಟಿನ ಹೆಂಗಸು.

"ನಿನ್ನ ದನಿ ನೀನೇ ಇಟ್ಕೋ. ನನಗೆ ಇವಳು ಸಾಕು. ನಾನು ಆಸ್ಪತ್ರೆಯಿಂದ ಬಂದಮೇಲೆ ನೀನು ಈ ಮನೇಲಿ ಒಂದು ಮಾತಾಡಿಲ್ಲ. ನಿನ್ನ ದನಿ ಕೇಳಿದ್ರೆ ನಂಗೆ ಬೇಜಾರಾಗಲ್ಲ. ಕೇಳದೇ ಇದ್ರೆ ಆಗುತ್ತೆ. ಏನಾದ್ರೂ ಮಾತಾಡು."

ಬೋರ್ಡಣ್ಣ ಬಾಯಿ ತೆರೆದ. ನಾವೆಲ್ಲ ಅವನ ಕಡೆ ತಿರುಗಿದೆವು. ತಿರುಗಬಾರದಿತ್ತು ಎಂದು ತಿರುಗಿದ ಮೇಲೆ ನನಗೆ ಹೊಳೆಯಿತು. ಅವನ ತುಟಿ ಅಲುಗಿತು, ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು, ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಗಾಳಿ ಬಂತು, ದನಿ ಬರಲಿಲ್ಲ. ಮಾಸ್ತರ ಕಾದ. ಫೋನಿನಲ್ಲಿ ಮತ್ತೆ ಬೆರಳಿಟ್ಟ.

"ಮಾತಾಡು ಅಣ್ಣ" ಎಂದಳು ಲಿಫ್ಟಿನ ಹೆಂಗಸು, ಮಹಡಿ ಬಂತು ಎನ್ನುವ ರಾಗದಲ್ಲೇ.